ಧನುಷ್ಕೋಟಿಗೆ ಹೋಗುವವರೇ, ‘ರಾಮಸೇತು ದೋಣಿ’ ಅಂತ ಹೇಳಿದರೆ ನಂಬಬೇಡಿ

ಅಪ್ಪ ಅಮ್ಮನನ್ನು ರಾಮೇಶ್ವರಕ್ಕೆ ಕರ್ಕೊಂಡು ಹೋಗೋ ಯೋಚನೆ ಇದ್ದರೆ ಇದನ್ನು ಓದಿಕೊಂಡು ಹೊರಡಿ. ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ನಿಮ್ಮ ಕನ್ನಡ ಕಿವಿಗೆ ಬಿದ್ದರೆ ಸಾಕು, ಕನ್ನಡದಲ್ಲೇ ಮಾತಾಡಿಸಿಕೊಂಡು ಬರುವವರು ಸಿಗುತ್ತಾರೆ. ‘ಬನ್ನಿ ಅಮ್ಮಾ, ರಾಮಸೇತುವನ್ನು ಹತ್ತಿರದಿಂದ ತೋರಿಸ್ತೀವಿ, ದೋಣಿ ನಮ್ಮದೇ ಇದೆ’ ಅಂತಾರೆ. ನಮಗೂ ಹೀಗೇ ಹೇಳಿ, ಗಾಡಿಗೂ ದೋಣಿಗೂ ಸೇರಿಸಿ ಪೂರ್ತಿ ದುಡ್ಡು ಮೊದಲೇ ಇಸಿದುಕೊಂಡರು.

ರಾಮಸೇತು ಶುರುವಾಗೋದು ಅಂತ ಹೇಳುವ ಧನುಷ್ಕೋಟಿ ರಾಮೇಶ್ವರದಿಂದ 20 ಕಿಲೋಮೀಟರ್ ಆಸುಪಾಸು, ಅಷ್ಟೇ. ಆದರೆ ಗಾಡಿ ಶಂಖದ ಅಂಗಡಿ, ಮುತ್ತಿನ ಅಂಗಡಿ ಅಂತ ನಿಲ್ಲುತ್ತಲೇ ಹೋಯಿತು. ಒಂದು ಕಡೆ ನೀಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಕಲ್ಲು ತೇಲುತ್ತಿತ್ತು, ಅದರ ಮೇಲೆ ಕೆಂಪು ಪೇಂಟಿನಲ್ಲಿ ‘ಶ್ರೀರಾಮ’ ಅಂತ ಬರೆದಿದ್ದರು. ‘ಸೇತುವೆಯದ್ದೇ ಕಲ್ಲು, ಮನೆಯಲ್ಲಿಟ್ಟರೆ ಒಳ್ಳೇದು’ ಅಂತ ಅಮ್ಮನ ಕೈಗೆ ಒಂದು ತುಂಡು ಇಟ್ಟು, ಅವರು ಅದನ್ನು ಕಣ್ಣಿಗೆ ಒತ್ತಿಕೊಂಡ ಮೇಲೆ ಸಾವಿರಗಟ್ಟಲೆ ಕೇಳಿದರು. ನನಗೆ ಹೊಟ್ಟೆ ಉರಿದಿದ್ದು ಅಲ್ಲಿ. ಮೈತುಂಬಾ ತೂತಿರುವ ಕೆಲವು ಹಗುರ ಕಲ್ಲುಗಳು ಒಳಗೆ ಗಾಳಿ ತುಂಬಿಕೊಂಡಿರುವುದರಿಂದ ತೇಲುತ್ತವೆ. ಅದು ಸೇತುವೆಯಿಂದ ಬಂದದ್ದು ಅನ್ನೋದಕ್ಕೆ ಅವರ ಬಾಯಿಮಾತು ಬಿಟ್ಟರೆ ಬೇರೆ ಆಧಾರ ಇಲ್ಲ. ವಯಸ್ಸಾದವರ ಭಕ್ತಿಯನ್ನು ಹೀಗೆ ದುಡ್ಡು ಮಾಡಿಕೊಳ್ಳೋದು ಮಹಾ ಕೆಟ್ಟದ್ದು.

ಚೆಕ್‌ಪೋಸ್ಟ್ ಮುಟ್ಟುವಷ್ಟರಲ್ಲಿ ಸಂಜೆ ಆಗಿತ್ತು, ಪೊಲೀಸರು ಒಳಗೆ ಬಿಡಲಿಲ್ಲ. ಕತ್ತಲಾದ ಮೇಲೆ ಅಲ್ಲಿ ಇರುವ ಹಾಗಿಲ್ಲ. ದಿನಾ ಅದೇ ದಾರಿಯಲ್ಲಿ ಗಾಡಿ ಓಡಿಸುವವರಿಗೆ ಇದು ಗೊತ್ತಿರಲ್ವಾ? ದುಡ್ಡು ವಾಪಸ್ ಕೇಳಿದ್ದಕ್ಕೆ ಜೋರು ಮಾಡಿದರು. ಅಪ್ಪ ಹೆದರಿ, ‘ಹೋಗ್ಲಿ ಬಿಡೋ’ ಅಂದರು.

ಮಾರನೇ ದಿನ ಬೆಳಗ್ಗೆ ಟೌನ್ ಬಸ್ ಹತ್ತಿ ನಾವೇ ಹೋದೆವು, ಆರಾಮಾಗಿ ಎಲ್ಲ ನೋಡಿದೆವು. ವಿಭೀಷಣ ರಾಮನಿಗೆ ಶರಣಾದ ಜಾಗ ಅಂತ ಹೇಳುವ ಕೋದಂಡರಾಮ ದೇವಸ್ಥಾನ ದಾರಿಯಲ್ಲೇ ಸಿಗುತ್ತದೆ. 1964ರ ಡಿಸೆಂಬರ್ ಚಂಡಮಾರುತ ಧನುಷ್ಕೋಟಿ ಊರನ್ನೇ ನುಂಗಿತು, ಪಾಂಬನ್‌ನಿಂದ ಬರುತ್ತಿದ್ದ ರೈಲು ಜನರ ಸಮೇತ ಕೊಚ್ಚಿಹೋಯಿತು. ಪಾಳುಬಿದ್ದ ಚರ್ಚಿನ ಗೋಡೆಗಳು ಇನ್ನೂ ನಿಂತಿವೆ. ಅಮ್ಮ ಅಲ್ಲಿ ಬಹಳ ಹೊತ್ತು ನಿಂತಿದ್ದರು.

ರಸ್ತೆ ಮುಗಿಯುವುದು ಅರಿಚಲ್ ಮುನೈ ಅನ್ನೋ ತುದಿಯಲ್ಲಿ. ಅಲ್ಲಿಂದ ಸೇತುವೆ ಕಣ್ಣಿಗೆ ಕಾಣಲ್ಲ, ಕಾಣೋದು ಬರೀ ನೀರು. ಸೇತು ಅಂತ ಕರೆಯುವುದು ಶ್ರೀಲಂಕಾದ ಮನ್ನಾರ್ ದ್ವೀಪದವರೆಗೆ ಸುಮಾರು 48 ಕಿಲೋಮೀಟರ್ ಚಾಚಿಕೊಂಡಿರುವ ಮರಳು ದಿಬ್ಬಗಳನ್ನು. ಆಚೆ ಶ್ರೀಲಂಕಾದ ಗಡಿ. ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಒಂದು ದೋಣಿಯೂ ನಮಗೆ ಆ ತುದಿಯಲ್ಲಿ ಕಾಣಲಿಲ್ಲ.

ಹಾಗಾಗಿ ಬೆಳಗ್ಗೆಯೇ ಹೊರಡಿ, ಮುಂಗಡ ಯಾರಿಗೂ ಕೊಡಬೇಡಿ, ಕುಡಿಯುವ ನೀರು ಜಾಸ್ತಿ ಇಟ್ಟುಕೊಳ್ಳಿ, ನೆರಳು ಕಮ್ಮಿ. ತುದಿಯಲ್ಲಿ ಎರಡು ಸಮುದ್ರ ಸೇರುತ್ತವೆ, ಸೆಳೆತ ಜೋರು, ನೀರಿಗೆ ಇಳಿಯಲೇಬೇಡಿ. ಸಮುದ್ರ ಸ್ನಾನ ಮಾಡಲೇಬೇಕು ಅಂದರೆ ರಾಮೇಶ್ವರದಲ್ಲಿ ದೇವಸ್ಥಾನದ ಎದುರಿಗಿರುವ ಅಗ್ನಿತೀರ್ಥದಲ್ಲಿ ಮಾಡಿ, ಅಲ್ಲಿ ಅಲೆ ಕಮ್ಮಿ.