ಕರ್ಮಪದ ಬೇಕೋ ಬೇಡವೋ: ಮೂರು ಆನ್‌ಲೈನ್ ಇಂಗ್ಲಿಷ್ ನಿಘಂಟುಗಳು

ಇಂಗ್ಲಿಷ್ ಕ್ರಿಯಾಪದದ ಅರ್ಥ ಗೊತ್ತಿದ್ದೂ ವಾಕ್ಯ ಎಡವುವುದು ಬಹುಮಟ್ಟಿಗೆ ಕರ್ಮಪದದ ಹತ್ತಿರ. ‘ಪುಸ್ತಕ ತಂದೆಯಾ?’ ಎಂದು ಕೇಳಿದರೆ ಕನ್ನಡದಲ್ಲಿ ‘ತಂದೆ’ ಅಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ‘ಐ ಬ್ರಾಟ್’ ಅಂತ ನಿಲ್ಲಿಸುವಂತಿಲ್ಲ, ‘ಐ ಬ್ರಾಟ್ ಇಟ್’ ಆಗಬೇಕು. ಕ್ರಿಯಾಪದ ಸಕರ್ಮಕವೋ (ಕರ್ಮಪದ ಬೇಕಾದದ್ದೋ) ಅಕರ್ಮಕವೋ (ಬೇಡವಾದದ್ದೋ) ಎಂಬುದನ್ನು ಎಷ್ಟು ಚೆನ್ನಾಗಿ ತಿಳಿಸುತ್ತವೆ ಎನ್ನುವ ಒಂದೇ ಅಳತೆಯಿಂದ, ಉಚಿತವಾಗಿ ಸಿಗುವ ಮೂರು ನಿಘಂಟುಗಳನ್ನು ಇಲ್ಲಿ ತೂಗಿದ್ದೇವೆ.

ಬರವಣಿಗೆ ಮಾಡುವವರಿಗೆ ಆಕ್ಸ್‌ಫರ್ಡ್ ಲರ್ನರ್ಸ್ ನಿಘಂಟೇ ಮೇಲು. ‘ರೀಚ್’ ತೆಗೆದು ನೋಡಿ. ತಲುಪುವ ಅರ್ಥಕ್ಕೆ ‘ಟ್ರಾನ್ಸಿಟಿವ್’ (ಸಕರ್ಮಕ) ಎಂಬ ಗುರುತು, ಜೊತೆಗೆ ‘ರೀಚ್ ಸಮ್‌ಥಿಂಗ್’ ಎಂಬ ಮಾದರಿ. ಹಾಗಾಗಿ ‘ರೀಚ್ಡ್ ಟು ದ ಸ್ಟೇಷನ್’ ತಪ್ಪು, ‘ರೀಚ್ಡ್ ದ ಸ್ಟೇಷನ್’ ಸರಿ. ಅದೇ ಪದ ಕೈ ಚಾಚುವ ಅರ್ಥದಲ್ಲಿ ಬಂದಾಗ ‘ಇನ್‌ಟ್ರಾನ್ಸಿಟಿವ್’ (ಅಕರ್ಮಕ) ಕೂಡ ಹೌದು: ‘ರೀಚ್ಡ್ ಫಾರ್ ದ ಫೋನ್’. ಅಂದರೆ ಗುರುತು ಇಡೀ ಪದಕ್ಕಲ್ಲ, ಒಂದೊಂದು ಅರ್ಥಕ್ಕೆ. ಮೊದಲ ಅರ್ಥದ ಗುರುತು ನೋಡಿ ಪುಟ ಮುಚ್ಚುವವರು ಎಡವುವುದು ಇಲ್ಲೇ.

ಗುರುತಿಗಿಂತಲೂ ಮಾದರಿ ಸಾಲು ಹೆಚ್ಚು ಕೆಲಸಕ್ಕೆ ಬರುತ್ತದೆ. ಕ್ರಿಯಾಪದಕ್ಕೆ ಅಂಟಿಕೊಂಡೇ ‘ಸಮ್‌ಥಿಂಗ್’ ಬಂದಿದ್ದರೆ ನಡುವೆ ‘ಟು’, ‘ಅಬೌಟ್’ನಂಥ ಪ್ರಿಪೊಸಿಷನ್ ಸೇರಿಸಬಾರದು. ಅದು ಆವರಣದೊಳಗಿದ್ದರೆ ಬಿಟ್ಟರೂ ನಡೆಯುತ್ತದೆ. ‘ಎಕ್ಸ್‌ಪ್ಲೇನ್ ಸಮ್‌ಥಿಂಗ್ ಟು ಸಮ್‌ಬಡಿ’ ಎಂಬ ಸಾಲನ್ನು ಗಮನವಿಟ್ಟು ಓದಿದವರು ‘ಎಕ್ಸ್‌ಪ್ಲೇನ್ ಮಿ’ ಎಂದು ಬರೆಯುವುದಿಲ್ಲ.

ಅವಸರಕ್ಕೆ ಕೇಂಬ್ರಿಜ್ ನಿಘಂಟು ಒಳ್ಳೆಯದು. ‘ಟಿ’ ಎಂದರೆ ಸಕರ್ಮಕ, ‘ಐ’ ಎಂದರೆ ಅಕರ್ಮಕ, ‘ಐ ಆರ್ ಟಿ’ ಎಂದರೆ ಎರಡೂ. ‘ಡಿಸ್ಕಸ್’ ಎದುರು ‘ಟಿ’ ಇದೆ, ಆದ್ದರಿಂದ ‘ಡಿಸ್ಕಸ್ ಅಬೌಟ್’ ಸಲ್ಲದು. ‘ಲಿಸನ್’ ಎದುರು ‘ಐ’ ಇದೆ, ‘ಮ್ಯೂಸಿಕ್’ ಬರಬೇಕಾದರೆ ಮೊದಲು ‘ಟು’ ಬರಬೇಕು. ‘ಹ್ಯಾಪನ್’ ಕೂಡ ‘ಐ’. ಕರ್ಮವೇ ಇಲ್ಲದ ಮೇಲೆ ಕರ್ಮಣಿ ಪ್ರಯೋಗ ಎಲ್ಲಿಂದ ಬಂತು? ‘ವಾಸ್ ಹ್ಯಾಪನ್ಡ್’ ತಪ್ಪಾಗುವುದು ಅದಕ್ಕೇ. ‘ಗಿವ್’ನಂಥ ಪದಗಳಿಗೆ ಎರಡು ಕರ್ಮ ಹಿಡಿಯುತ್ತದೆ ಎಂಬ ಗುರುತೂ ಇದೆ.

ಮೆರಿಯಮ್-ವೆಬ್‌ಸ್ಟರ್‌ನ ಮುಖ್ಯ ನಿಘಂಟು ಹೊಸದಾಗಿ ಕಲಿಯುವವರಿಗಾಗಿ ಮಾಡಿದ್ದಲ್ಲ. ಎರಡೂ ಬಗೆ ಇರುವ ಪದಕ್ಕೆ ಅರ್ಥಗಳನ್ನು ಎರಡು ಪಾಲು ಮಾಡಿ ಕೊಡುತ್ತದೆ. ‘ರನ್’ ತೆಗೆದರೆ ಮೊದಲು ಅಕರ್ಮಕ ಅರ್ಥಗಳ ಉದ್ದನೆಯ ಪಟ್ಟಿ; ಸಂಸ್ಥೆ ನಡೆಸುವ ಅರ್ಥ ಬೇಕಿದ್ದರೆ ಬಹಳ ಕೆಳಗೆ ಇಳಿಯಬೇಕು.

ಆದರೆ ಇದೇ ವಿಂಗಡಣೆ ಒಂದು ಕಡೆ ಉಳಿದೆರಡನ್ನೂ ಮೀರಿಸುತ್ತದೆ. ‘ಈಟ್’, ‘ಮೆಲ್ಟ್’ ಎರಡೂ ಪದಗಳು ಕರ್ಮ ಇದ್ದರೂ ಇಲ್ಲದಿದ್ದರೂ ನಡೆಯುವಂಥವು, ಆದರೆ ನಡೆಯುವ ರೀತಿ ಬೇರೆ. ‘ಈಟ್’ನಲ್ಲಿ ಕರ್ಮ ಬಿಟ್ಟರೂ ತಿನ್ನುವವರೇ ಕರ್ತೃ. ‘ಮೆಲ್ಟ್’ನಲ್ಲಿ ಹಾಗಲ್ಲ: ‘ದ ಸನ್ ಮೆಲ್ಟೆಡ್ ದಿ ಐಸ್’ ಎಂಬಲ್ಲಿ ಕರ್ಮವಾಗಿದ್ದ ಐಸ್, ‘ದಿ ಐಸ್ ಮೆಲ್ಟೆಡ್’ ಎಂಬಲ್ಲಿ ಕರ್ತೃವಾಗುತ್ತದೆ. ಕನ್ನಡದಲ್ಲಿ ಕರಗು, ಕರಗಿಸು ಎಂದು ರೂಪವೇ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಒಂದೇ ರೂಪ. ಅದಕ್ಕೇ ತಾನಾಗಿ ಕರಗಿದ್ದಕ್ಕೂ ‘ವಾಸ್ ಮೆಲ್ಟೆಡ್’ ಎಂದು ಬರೆಯುವವರು ಬಹಳ. ‘ಐ ಆರ್ ಟಿ’ ಎಂಬ ಗುರುತು ಈ ವ್ಯತ್ಯಾಸ ಹೇಳುವುದಿಲ್ಲ. ಮೆರಿಯಮ್-ವೆಬ್‌ಸ್ಟರ್‌ನಲ್ಲಿ ಎರಡು ಪಾಲಿಗೂ ಬೇರೆ ಬೇರೆ ಅರ್ಥವಿವರಣೆ ಇರುವುದರಿಂದ ಅದು ಕಾಣುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್ ಬಳಸುವವರು ಅರ್ಥವಿವರಣೆಯನ್ನೇ ಓದಬೇಕು: ತಾನಾಗಿ ಆಗುವುದು, ಬೇರೆಯವರು ಮಾಡಿಸುವುದು ಎರಡನ್ನೂ ಅಲ್ಲಿ ಹೇಳಿದ್ದರೆ ಆ ಪದ ‘ಮೆಲ್ಟ್’ನ ಗುಂಪಿನದು.