ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ: ಮೂಗು, ಕಾಗದ, ಕಂಪ್ರೆಷನ್, ಸ್ಕ್ಯಾನರ್ – ಯಾವುದನ್ನು ನಂಬಬೇಕು?

ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಬಾನೆಟ್ ಎತ್ತಿ ಆಯಿಲ್ ಗೇಜ್ ಕಡ್ಡಿ ಎಳೆದೆ. ಆಯಿಲ್ ಹಾಕಿಸಿ ಎರಡೂವರೆ ತಿಂಗಳಾಗಿತ್ತು. ಆಗ ಎರಡು ಗುರುತಿನ ನಡುವೆ ಇದ್ದ ಮಟ್ಟ ಈಗ ಮೇಲಿನ ಗುರುತನ್ನೂ ದಾಟಿ ಅರ್ಧ ಬೆರಳು ಮೇಲೆ ಹೋಗಿತ್ತು. ಆಯಿಲ್ ಕಡಿಮೆ ಆಗೋದು ಗೊತ್ತು. ಜಾಸ್ತಿ ಆಗೋದು ಹೇಗೆ? ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದೆ. ಪೆಟ್ರೋಲ್ ಬಂಕ್‌ನಲ್ಲಿ ನಿಂತಾಗ ಬರುವ ವಾಸನೆ.

ನಮ್ಮದು 2014ರ ಸಣ್ಣ ಪೆಟ್ರೋಲ್ ಕಾರು, ಮೂರು ಸಿಲಿಂಡರ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಕೆಲಸ ನಮ್ಮದು. ಹೊಲಿದ ಮಾಲನ್ನು ವಾಷಿಂಗ್‌ಗೆ ಒಯ್ಯಬೇಕು, ಅಲ್ಲಿಂದ ಗುಂಡಿ ಹಾಕುವವರ ಮನೆಗೆ, ಮತ್ತೆ ವಾಪಸ್. ಒಂದೊಂದು ಓಟ ಎರಡು ಮೂರು ಕಿಲೋಮೀಟರ್ ಅಷ್ಟೆ. ದಿನಕ್ಕೆ ಹತ್ತು ಸಲ ಸ್ಟಾರ್ಟ್, ಹತ್ತು ಸಲ ಆಫ್.

ಕೇಳಿದ ಕಡೆಯೆಲ್ಲ ಒಂದೊಂದು ಉತ್ತರ ಸಿಕ್ಕಿತು. ಒಬ್ಬ ಮೇಸ್ತ್ರಿ ಕಡ್ಡಿ ನೋಡಿದವರೇ, "ರಿಂಗ್ ಹೋಗ್ಯಾವಣ್ಣ, ಇಂಜಿನ್ ಬಿಚ್ಚೋದೇ" ಎಂದರು. (ಪಿಸ್ಟನ್ ಸುತ್ತ ಬಿಗಿಯಾಗಿ ಕೂರುವ ಬಳೆಗಳೇ ರಿಂಗ್.) ಇನ್ನೊಬ್ಬರು, "ಇಂಜೆಕ್ಟರ್ ಸೋರ್ತಾ ಐತೆ, ಮೂರೂ ಬದಲಿಸಿ" ಎಂದರು. (ಇಂಜೆಕ್ಟರ್ ಅಂದರೆ ಪೆಟ್ರೋಲ್ ಸಿಂಪಡಿಸುವ ನಳಿಕೆ, ಸಿಲಿಂಡರ್‌ಗೆ ಒಂದು.) ಲಾರಿ ಓಡಿಸುವ ನನ್ನ ಬಾಮೈದ, "ಏನೂ ಆಗಿಲ್ಲ ಮಾವ, ಗಾಡಿ ದೂರ ಓಡ್ತಿಲ್ಲ ಅಷ್ಟೆ. ಹೊಸಪೇಟೆ ತನಕ ಒಂದು ರೌಂಡ್ ಹೋಗಿ ಬರ್ರಿ" ಎಂದ. ಮೂರೂ ಸರಿ ಇರಬಹುದಾದ ಉತ್ತರಗಳೇ. ಆದರೆ ಖರ್ಚು ನೋಡಿ: ಒಂದಕ್ಕೆ ಹತ್ತಾರು ಸಾವಿರ, ಇನ್ನೊಂದಕ್ಕೆ ಒಂದು ಟ್ಯಾಂಕ್‌ನ ಕಾಲು ಭಾಗ. ಹಾಗಾಗಿ ಒಂದೊಂದೇ ಪರೀಕ್ಷೆ ಮಾಡಿ ನೋಡೋಣ ಅಂತ ಕೂತೆ.

ಮೊದಲು ಪೆಟ್ರೋಲ್ ಆಯಿಲ್‌ಗೆ ಹೇಗೆ ಬರುತ್ತದೆ ಅಂತ ತಿಳಿದುಕೊಳ್ಳಬೇಕು. ಇಂಜಿನ್ ತಣ್ಣಗಿದ್ದಾಗ ಒಳಗೆ ಹೋದ ಪೆಟ್ರೋಲ್ ಎಲ್ಲ ಆವಿಯಾಗುವುದಿಲ್ಲ. ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿಕೊಂಡು, ರಿಂಗ್ ದಾಟಿ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿಯುತ್ತದೆ. ಇದು ಎಲ್ಲ ಪೆಟ್ರೋಲ್ ಗಾಡಿಯಲ್ಲೂ ಆಗುತ್ತದೆ. ಆಮೇಲೆ ಇಂಜಿನ್ ಚೆನ್ನಾಗಿ ಕಾದಾಗ, ಇಳಿದ ಪೆಟ್ರೋಲ್ ಆವಿಯಾಗಿ ಮೇಲೆದ್ದು ಪಿಸಿವಿ ಹೋಸ್ ಎಂಬ ಕೊಳವೆಯ ಮೂಲಕ ಮತ್ತೆ ಇಂಜಿನ್‌ಗೇ ಹೋಗಿ ಉರಿಯುತ್ತದೆ. ಅಂದರೆ ಬರುವ ದಾರಿ ಒಂದು, ಹೋಗುವ ದಾರಿ ಒಂದು. ರಿಂಗ್ ಎಂದವರೂ ಇಂಜೆಕ್ಟರ್ ಎಂದವರೂ ಬರುವ ದಾರಿಯನ್ನೇ ನೋಡುತ್ತಿದ್ದರು. ಬಂದದ್ದು ಯಾಕೆ ಹೋಗುತ್ತಿಲ್ಲ ಅಂತ ನಾನೂ ಆಗ ಕೇಳಿಕೊಂಡಿರಲಿಲ್ಲ.

ಮೂಗಿನಿಂದ ಶುರು ಮಾಡುತ್ತೇನೆ, ಎಲ್ಲರೂ ಮಾಡುವುದು ಅದನ್ನೇ ಅಲ್ವಾ. ಖರ್ಚಿಲ್ಲ, ಹತ್ತು ಸೆಕೆಂಡಿನ ಕೆಲಸ. ಆದರೆ ಓಡಿದ ಆಯಿಲ್‌ಗೆ ಅಷ್ಟೋ ಇಷ್ಟೋ ಇಂಧನದ ವಾಸನೆ ಇದ್ದೇ ಇರುತ್ತದೆ. ಎರಡು ಸಲ ಮೂಸಿದ ಮೇಲೆ ಮೂಗಿಗೂ ಗೊತ್ತಾಗುವುದಿಲ್ಲ. ನನ್ನ ಪ್ರಕಾರ ವಾಸನೆಗಿಂತ ಮಟ್ಟವನ್ನು ನಂಬಬೇಕು. ರಾತ್ರಿ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕಡ್ಡಿ ಒರೆಸಿ ನೋಡಬೇಕು. ನಾನು ಸಣ್ಣ ಅರದಿಂದ ಕಡ್ಡಿಯ ಮೇಲೆ ಒಂದು ಗೆರೆ ಹಾಕಿಕೊಂಡೆ. ಹತ್ತು ದಿನದಲ್ಲಿ ಆಯಿಲ್ ಆ ಗೆರೆಗಿಂತ ಎರಡು ಮಿಲಿಮೀಟರ್ ಏರಿತು. ಅಲ್ಲಿಗೆ ಅನುಮಾನ ಹೋಯಿತು. ಇಂಜಿನ್ ತಣಿಸುವ ಕೂಲಂಟ್ ನೀರು ಸೇರಿದರೂ ಮಟ್ಟ ಏರುತ್ತದೆ. ಆಗ ಆಯಿಲ್ ಕ್ಯಾಪ್ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಕೆನೆ ಕಾಣುತ್ತದೆ. ನನ್ನದರಲ್ಲಿ ಇರಲಿಲ್ಲ.

ಕಡ್ಡಿಯ ತುದಿಗೆ ಬೆಂಕಿ ತೋರಿಸಿ ನೋಡು ಅಂತ ಹೇಳುವವರಿದ್ದಾರೆ. ದಯವಿಟ್ಟು ಬೇಡ. ಪೆಟ್ರೋಲ್ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುತ್ತದೆ. ಬಾನೆಟ್ ತೆರೆದ ಗಾಡಿಯ ಪಕ್ಕ ಬೆಂಕಿಕಡ್ಡಿ ಗೀರುವುದು ಪರೀಕ್ಷೆಯೇ ಅಲ್ಲ.

ಕಾಗದದ ಪರೀಕ್ಷೆ ನನಗೆ ಇಷ್ಟವಾಯಿತು. ಬಿಳಿ ಟಿಶ್ಯೂ ಕಾಗದವನ್ನು ಲೋಟದ ಬಾಯಿಗೆ ಬಿಗಿದು, ಒಂದರ ಮೇಲೆ ಹೊಸ ಆಯಿಲ್‌ನ ಒಂದು ಹನಿ, ಇನ್ನೊಂದರ ಮೇಲೆ ಕಡ್ಡಿಯಿಂದ ಒಂದು ಹನಿ ಬಿಟ್ಟೆ. ಬೆಳಗಾಗುವಷ್ಟರಲ್ಲಿ ಹೊಸ ಹನಿ ಒಂದೇ ಹಳದಿ ಚಕ್ರವಾಗಿ ಹರಡಿತ್ತು. ಹಳೆಯದು ಮೂರು ಚಕ್ರ ಬಿಡಿಸಿತ್ತು: ನಡುವೆ ಮಸಿಯ ಕಪ್ಪು, ಅದರ ಸುತ್ತ ಕಂದು, ಅದರಾಚೆ ಅಗಲವಾಗಿ ತೆಳ್ಳನೆಯ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವ ಒಂದು ಅಂಚು. ಆ ಹೊರಗಿನ ಅಂಚೇ ಪೆಟ್ರೋಲ್‌ನ ಗುರುತು. ನೋಡಲು ಚೆನ್ನಾಗಿದೆ, ನಿಜ. ಆದರೆ ಇದು 'ಇದೆ' ಅಂತ ಹೇಳುತ್ತದೆ, 'ಎಷ್ಟು' ಅಂತ ಹೇಳುವುದಿಲ್ಲ, 'ಯಾಕೆ' ಅಂತ ಖಂಡಿತ ಹೇಳುವುದಿಲ್ಲ.

ಆಯಿಲ್ ಎಷ್ಟು ತೆಳ್ಳಗಾಗಿದೆ ಅಂತ ನೋಡಲು ಗಾಜಿನ ಮೇಲೆ ಓಟ ಇಟ್ಟೆ. ಕಿಟಕಿ ಗಾಜಿನ ತುಂಡನ್ನು ಓರೆಯಾಗಿ ಇಟ್ಟು, ಪಕ್ಕಪಕ್ಕದಲ್ಲಿ ಎರಡೂ ಆಯಿಲ್‌ನ ಒಂದೊಂದು ಹನಿ. ಇಲ್ಲೊಂದು ಮಾತು ಮುಖ್ಯ. ಎರಡೂ ಒಂದೇ ನೆರಳಿನಲ್ಲಿ ಎರಡು ತಾಸು ಇದ್ದಿರಬೇಕು, ಇಲ್ಲದಿದ್ದರೆ ಬಿಸಿಯಾದದ್ದು ಸುಮ್ನೆ ಗೆಲ್ಲುತ್ತದೆ. ಹಳೆಯ ಆಯಿಲ್ ಗಾಜಿನ ತುದಿ ಮುಟ್ಟಿದಾಗ ಹೊಸದು ಇನ್ನೂ ಅರ್ಧ ದಾರಿಯಲ್ಲಿತ್ತು. ಮನಸ್ಸಿಗೆ ಹೆದರಿಕೆ ಆಗಿದ್ದು ಇದನ್ನು ನೋಡಿದಾಗಲೇ. 5ಡಬ್ಲ್ಯೂ-30 ದರ್ಜೆಯ ಆಯಿಲ್ 100 ಡಿಗ್ರಿಯಲ್ಲಿ ಕನಿಷ್ಠ 9.3 ಸೆಂಟಿಸ್ಟೋಕ್ಸ್ ದಪ್ಪ ಇರಬೇಕು. ಬೇರಿಂಗ್‌ಗಳನ್ನು ಉಳಿಸುವುದು ಆ ದಪ್ಪವೇ. ಲ್ಯಾಬ್‌ಗೆ ಕಳಿಸಿದರೆ ಸರಿಯಾದ ಅಂಕಿ ಸಿಗುತ್ತದೆ. ನಾನು ಕಳಿಸಲಿಲ್ಲ. ನಮ್ಮ ಗಾಡಿಗೆ ಬೇಕಾಗುವುದು ಸುಮಾರು ಮೂರು ಲೀಟರ್ ಆಯಿಲ್, ಹೇಗಿದ್ದರೂ ಅದನ್ನು ಚೆಲ್ಲಲೇಬೇಕಿತ್ತು.

ಇಷ್ಟಕ್ಕೆ ರೋಗ ಇದೆ ಅಂತ ಖಾತ್ರಿಯಾಯಿತು. ಇನ್ನು ಕಾರಣ.

ಸ್ಪಾರ್ಕ್ ಪ್ಲಗ್ ಬಿಚ್ಚಿ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಿದೆ, 400 ರೂಪಾಯಿ ಆಯಿತು. ಮೂರು ಪ್ಲಗ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಹಳೆ ಪೇಪರ್ ಮೇಲೆ ಸಾಲಾಗಿ ಇಟ್ಟೆವು. ಮೂರರ ಮೂತಿಯೂ ಒಂದೇ ಥರ, ಒಣ ಮಸಿ ಹಿಡಿದು ಕಪ್ಪಾಗಿದ್ದವು. ಯಾವುದೂ ಒದ್ದೆ ಇರಲಿಲ್ಲ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಒಂದು ಇಂಜೆಕ್ಟರ್ ಸೋರಿದರೆ ಒಂದೇ ಪ್ಲಗ್ ಕೆಡಬೇಕು. ಕಿಡಿ ಕೊಡುವ ಒಂದು ಕಾಯಿಲ್ ಕೆಟ್ಟು ಪೆಟ್ರೋಲ್ ಉರಿಯದೆ ಮಿಸ್‌ಫೈರ್ ಆದರೂ ಒಂದೇ ಕೆಡಬೇಕು. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಕಾರಣ ಮೂರಕ್ಕೂ ಸೇರಿದ್ದು. ಕಂಪ್ರೆಷನ್ 168, 165, 170 ಪಿಎಸ್‌ಐ ಬಂತು. ಪ್ರತಿ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ರಿಂಗ್ ಸವೆದಿದ್ದರೆ ಆಗ ಅಂಕಿ ಒಮ್ಮೆಲೇ ಜಿಗಿಯಬೇಕು. ಸ್ವಲ್ಪ ಏರಿತು, ಮೂರರಲ್ಲೂ ಒಂದೇ ಸಮ. ರಿಂಗ್ ಸರಿಯಾಗಿದ್ದವು. ನೀವು ಮಾಡಿಸುವಾಗ ಪೆಟ್ರೋಲ್ ಪಂಪ್‌ನ ಫ್ಯೂಸ್ ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಪರೀಕ್ಷೆ ಮಾಡುತ್ತಲೇ ಇನ್ನಷ್ಟು ಪೆಟ್ರೋಲ್ ಒಳಗೆ ಸುರಿದ ಹಾಗೆ. ಇಂಜಿನ್ ಬಿಚ್ಚಬೇಕು ಎಂದವರ ಮಾತನ್ನು ನಾನು ಬಿಟ್ಟಿದ್ದು ಇಲ್ಲೇ. ಆ 400 ರೂಪಾಯಿ ನನಗೆ ಸಾವಿರಾರು ಉಳಿಸಿತು.

ಇಂಜೆಕ್ಟರ್ ಪರೀಕ್ಷೆಯನ್ನು ನಾನು ಮಾಡಿಸಬೇಕಿರಲಿಲ್ಲ. ಪ್ಲಗ್‌ಗಳೇ ಉತ್ತರ ಹೇಳಿದ್ದವು, ಆದರೂ ಮನಸ್ಸು ಕೇಳಲಿಲ್ಲ. ಪೆಟ್ರೋಲ್ ತರುವ ಪೈಪ್ (ರೈಲ್) ಸಮೇತ ಮೂರೂ ಇಂಜೆಕ್ಟರ್ ಎತ್ತಿ, ಕೆಳಗೆ ನಮ್ಮ ಯೂನಿಟ್‌ನ ತಿಳಿ ನೀಲಿ ಡೆನಿಮ್ ತುಂಡುಗಳನ್ನು ಹಾಸಿ, ಕೀ ಆನ್ ಮಾಡಿ ಪಂಪ್ ಒತ್ತಡ ತುಂಬಿಸಿ ಕಾದೆವು. ಒಂದು ಹನಿ ಬಿದ್ದರೂ ಆ ಬಟ್ಟೆಯ ಮೇಲೆ ಕಪ್ಪಗೆ ಕಾಣಬೇಕು. ಇಪ್ಪತ್ತು ನಿಮಿಷ ಆದರೂ ಬಟ್ಟೆ ಒಣಗಿಯೇ ಇತ್ತು. ಬಯಲಿನಲ್ಲಿ, ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಮಾಡಿದೆವು. ಹಾಗಿದ್ದೂ ಅಪಾಯದ ಕೆಲಸ. ಒಂದು ಪ್ಲಗ್ ಮಾತ್ರ ಬೇರೆ ಥರ ಕಂಡರೆ, ಇಲ್ಲವೇ ಗಾಡಿ ಒಂದು ತಾಸು ನಿಂತ ಮೇಲೆ ಸ್ಟಾರ್ಟ್ ಆಗಲು ಒದ್ದಾಡಿ ಕಪ್ಪು ಹೊಗೆ ಬಿಟ್ಟರೆ ಮಾತ್ರ ಇದಕ್ಕೆ ಕೈ ಹಾಕಿ.

ಕೊನೆಗೆ ಹೇಳುವುದು ಸ್ಕ್ಯಾನರ್, ಇದನ್ನು ಸಿಕ್ಕಿಸಿದ್ದು ಇಂಜೆಕ್ಟರ್ ಪರೀಕ್ಷೆಗೂ ಮೊದಲೇ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸುವ ಬ್ಲೂಟೂತ್ ತುಂಡು, 800 ರೂಪಾಯಿ. ನಮ್ಮ ದೇಶದಲ್ಲಿ 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಒಬಿಡಿ-2 (ಗಾಡಿಯ ಕಂಪ್ಯೂಟರ್ ಹೇಳುವುದನ್ನು ಓದುವ ವ್ಯವಸ್ಥೆ) ಇರುವುದರಿಂದ ಮೊಬೈಲ್‌ನಲ್ಲೇ ಓದಬಹುದು. ಇದು ಮೊದಲು ನನ್ನನ್ನು ದಾರಿ ತಪ್ಪಿಸಿತು, ಆಮೇಲೆ ದಾರಿ ತೋರಿಸಿತು. ಎರಡನ್ನೂ ಹೇಳಬೇಕು.

ದೋಷ ತೋರಿಸುವ ಕೋಡ್ ಒಂದೂ ಇರಲಿಲ್ಲ. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಮೈನಸ್ 13 ಇತ್ತು. ಅಂದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ ಅಂತ ಗೊತ್ತಾಗಿ ಕಂಪ್ಯೂಟರ್ 13 ಶೇಕಡಾ ಕಡಿಮೆ ಮಾಡುತ್ತಿದೆ. ಪ್ಲಸ್ ಮೈನಸ್ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆ ಮಾಡುವುದಿಲ್ಲ. ಹಾಗಾದರೆ ಇಂಜೆಕ್ಟರ್‌ದೇ ತಪ್ಪು ಅಂದುಕೊಂಡೆ, ಡೆನಿಮ್ ಬಟ್ಟೆಯ ಪರೀಕ್ಷೆಗೆ ಹೋಗಿದ್ದೂ ಇದೇ ಅಂಕಿಯ ಮೇಲೆ. ಆದರೆ ಪಿಸಿವಿ ಹೋಸ್ ಬಿಚ್ಚಿ, ಅದು ಇಂಜಿನ್‌ಗೆ ಸೇರುವ ಕಡೆಯ ಬಾಯಿ ಮುಚ್ಚಿ ಇಂಜಿನ್ ಓಡಿಸಿದಾಗ ಆ ಮೈನಸ್ ಅಂಕಿ ಕೆಲವೇ ನಿಮಿಷದಲ್ಲಿ ಬಹಳಷ್ಟು ಸೊನ್ನೆಯ ಕಡೆ ಬಂತು. ಆಯಿಲ್‌ನಲ್ಲಿ ಇದ್ದ ಪೆಟ್ರೋಲ್ ಆವಿಯೇ ಮೇಲೆ ಬಂದು ಇಂಜಿನ್‌ಗೆ ಸೇರುತ್ತಿತ್ತು. ರೋಗದಿಂದ ಬಂದ ಅಂಕಿಯನ್ನು ನಾನು ರೋಗದ ಕಾರಣ ಅಂತ ಓದಿದ್ದೆ.

ಆಮೇಲೆ ಬಾಮೈದ ಹೇಳಿದ ಹಾಗೆ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಹೊಸಪೇಟೆಗೆ ಹೊರಟೆ. ಹೊರಡುವ ಮುಂಚೆ ಕಡ್ಡಿಯ ಮಟ್ಟ ಬರೆದುಕೊಂಡೆ. ಮೊಬೈಲ್‌ನಲ್ಲಿ ಕೂಲಂಟ್ ಬಿಸಿ ಎಷ್ಟು ಅಂತ ಮಾತ್ರ ದೊಡ್ಡದಾಗಿ ಇಟ್ಟುಕೊಂಡೆ. ಕುಡಿತಿನಿಯ ಥರ್ಮಲ್ ಚಿಮಣಿಗಳು ಕಾಣುವಾಗ 63 ಡಿಗ್ರಿ. ತೋರಣಗಲ್ಲು ದಾಟಿದೆ, 64. ಎಪ್ಪತ್ತರ ವೇಗದಲ್ಲಿ ಅರ್ಧ ತಾಸು ಓಡಿಸಿದರೂ ಅಲ್ಲಿಂದ ಮೇಲೆ ಏರಲೇ ಇಲ್ಲ. ಹೊಸಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಾಗ 81ಕ್ಕೆ ಹೋಯಿತು, ರೋಡಿಗೆ ಬಿದ್ದ ತಕ್ಷಣ ಮತ್ತೆ 65. ಆರೋಗ್ಯವಾಗಿರುವ ಇಂಜಿನ್ 85ರಿಂದ 95ರಲ್ಲಿ ನಿಲ್ಲಬೇಕು. ನಮ್ಮ ಗಾಡಿಯ ಡ್ಯಾಶ್‌ಬೋರ್ಡ್‌ನಲ್ಲಿ ಟೆಂಪರೇಚರ್ ಮುಳ್ಳಿಲ್ಲ, ನೀಲಿ ದೀಪ ಕೆಂಪು ದೀಪ ಅಷ್ಟೆ. ನೀಲಿ ಆರಿದ ಮೇಲೆ ಯಾರು ನೋಡ್ತಾರೆ? ಅಲ್ಲೇ ವಗ್ಗಾಣಿ ಮಿರ್ಚಿ ತಿಂದು, ಆಯಿಲ್ ಇಳಿಯಲು ಹದಿನೈದು ನಿಮಿಷ ಬಿಟ್ಟು ಕಡ್ಡಿ ಎಳೆದೆ. ಮಟ್ಟ ಒಂದು ಮಿಲಿಮೀಟರ್ ಕೂಡ ಇಳಿದಿರಲಿಲ್ಲ. 60 ಕಿಲೋಮೀಟರ್ ಓಡಿದ ಮೇಲೆ ಪೆಟ್ರೋಲ್ ಆವಿಯಾಗಿ ಹೋಗಬೇಕಿತ್ತು. ಹೋಗಲು ಅಲ್ಲಿ ಸಾಕಷ್ಟು ಬಿಸಿಯೇ ಇರಲಿಲ್ಲ.

ನೆನಪಾಯಿತು. ಎರಡು ಬೇಸಿಗೆ ಹಿಂದೆ ಏಪ್ರಿಲ್‌ನಲ್ಲಿ ಕೆಂಪು ದೀಪ ಬಂದಿತ್ತು. ಆಗ ಒಂದು ಗ್ಯಾರೇಜ್‌ನಲ್ಲಿ ರೇಡಿಯೇಟರ್ ಫ್ಯಾನ್ ಬದಲಿಸಿದ್ದರು. ಜೊತೆಗೆ, "ನಮ್ಮೂರ ಬಿಸಿಲಿಗೆ ಈ ವಾಲ್ ಬ್ಯಾಡಣ್ಣ" ಅಂತ ಏನನ್ನೋ ತೆಗೆದಿದ್ದರು. ನಾನೂ ಹೂಂ ಅಂದಿದ್ದೆ. ಈಗ ಥರ್ಮೋಸ್ಟಾಟ್ ಹೌಸಿಂಗ್‌ನ ಎರಡು ಬೋಲ್ಟ್ ಬಿಚ್ಚಿ ನೋಡಿದರೆ ಒಳಗೆ ಬರೀ ರಬ್ಬರ್ ಸುತ್ತು, ವಾಲ್ ಇರಬೇಕಾದ ಜಾಗ ಖಾಲಿ. ಆ ವಾಲ್ ಇದ್ದರೆ ಇಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡುವುದಿಲ್ಲ. ಇಲ್ಲದಿದ್ದರೆ ಮೊದಲ ನಿಮಿಷದಿಂದಲೇ ನೀರು ತಣ್ಣಗಾಗುತ್ತ ಸುತ್ತುತ್ತದೆ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಆಯಿಲ್ ಕಾಯದೆ ಇಳಿದ ಪೆಟ್ರೋಲ್ ಅಲ್ಲೇ ಉಳಿಯುತ್ತದೆ. ನಮ್ಮ ಕಡೆ ಬಿಸಿಲಿಗೆ ಹೆದರಿ ಇದನ್ನು ತೆಗೆಸಿದವರು ಬಹಳ ಜನ ಇದ್ದಾರೆ. ಫ್ಯಾನ್, ಕೂಲಂಟ್, ರೇಡಿಯೇಟರ್ ಸರಿಯಿದ್ದರೆ 42 ಡಿಗ್ರಿ ಬಿಸಿಲಲ್ಲೂ ವಾಲ್ ತೆಗೆಯಬೇಕಾಗಿಲ್ಲ.

ಎಲ್ಲರ ಗಾಡಿಯಲ್ಲೂ ಇದೇ ಕಾರಣ ಇರುವುದಿಲ್ಲ. ಕಾರ್ಬುರೇಟರ್ ಕಾಲದ ಕಾರಾದರೆ ಇಂಜಿನ್‌ಗೆ ಕೂಡಿಸಿದ ಪೆಟ್ರೋಲ್ ಪಂಪ್‌ನ ಡಯಾಫ್ರಮ್ (ಒಳಗಿನ ಪೊರೆ) ಮೊದಲು ನೋಡಿ, ಹರಿದರೆ ಪೆಟ್ರೋಲ್ ನೇರ ಆಯಿಲ್‌ಗೇ ಇಳಿಯುತ್ತದೆ. ಸಂಡೂರು ರಸ್ತೆಯ ಕೆಂಪು ಧೂಳಿಗೆ ಏರ್ ಫಿಲ್ಟರ್ ಕಟ್ಟಿದರೂ ಕಾರ್ಬುರೇಟರ್ ಗಾಡಿ ಪೆಟ್ರೋಲ್ ಜಾಸ್ತಿ ಎಳೆಯುತ್ತದೆ. ಇಂಜೆಕ್ಷನ್ ಗಾಡಿ ಅದನ್ನು ಬಹುಮಟ್ಟಿಗೆ ತಾನೇ ಸರಿಮಾಡಿಕೊಳ್ಳುತ್ತದೆ. ಸಿಲಿಂಡರ್ ಒಳಗೇ ನೇರ ಸಿಂಪಡಿಸುವ ಹೊಸ ಇಂಜಿನ್‌ಗಳಲ್ಲಿ ಹೈ ಪ್ರೆಷರ್ ಪಂಪ್‌ನ ಸೀಲ್ ಮೇಲೂ ಕಣ್ಣಿರಲಿ.

ಈಗ ಮತ್ತೆ ಮಾಡಬೇಕು ಅಂದರೆ ನಾನು ಕಡ್ಡಿಯ ಗೆರೆ, ಸ್ಕ್ಯಾನರ್ ಹಾಕಿ ಒಂದು ಉದ್ದದ ಓಟ, ಆಮೇಲೆ ಪ್ಲಗ್, ಇದೇ ಸಾಲಿನಲ್ಲಿ ಹೋಗುತ್ತೇನೆ. ಸ್ಕ್ಯಾನರ್‌ನಲ್ಲಿ ಮೊದಲು ಬಿಸಿ ನೋಡುತ್ತೇನೆ, ಟ್ರಿಮ್ ಆಮೇಲೆ. ಕಾಗದ, ಗಾಜು ಮನೆಯಲ್ಲಿ ಸಮಯ ಇದ್ದವರಿಗೆ.

82 ಡಿಗ್ರಿಗೆ ತೆರೆಯುವ ಹೊಸ ವಾಲ್, ಕೂಲಂಟ್, ಆಯಿಲ್, ಫಿಲ್ಟರ್ ಎಲ್ಲ ಸೇರಿ ಮೂರು ಸಾವಿರದ ಆಸುಪಾಸು ಆಯಿತು. ಕಾರಣ ಸರಿಮಾಡಿದ ದಿನವೇ ಆಯಿಲ್ ಬದಲಿಸಿದೆ. ಅದಕ್ಕೂ ಮೊದಲು ಬದಲಿಸಿದ್ದರೆ ಅದೂ ಕೆಡುತ್ತಿತ್ತು. ಟ್ರಿಮ್ ಮೈನಸ್ 3ಕ್ಕೆ ಬಂತು. ಏಪ್ರಿಲ್‌ನಲ್ಲಿ ಮತ್ತೆ ಅದೇ ರೋಡಿನಲ್ಲಿ ಹೋದೆ. ಹೊರಗೆ ಬೆಂಕಿಯಂಥ ಬಿಸಿಲು, ಕುಡಿತಿನಿಯಲ್ಲಿ 88, ಹೊಸಪೇಟೆಯಲ್ಲಿ 92, ಅಲ್ಲಿ ಫ್ಯಾನ್ ತಿರುಗಿ ಮತ್ತೆ ಇಳಿಯಿತು. ಊರೊಳಗಿನ ಎರಡು ಕಿಲೋಮೀಟರ್ ಓಟ ಇನ್ನೂ ತಪ್ಪಿಲ್ಲ, ಹಾಗಾಗಿ ಹೊರಡುವಾಗ ಮಟ್ಟ ಒಂದು ನೂಲಿನಷ್ಟು ಏರಿತ್ತು. ವಾಪಸ್ ಬಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಕಡ್ಡಿ ಎಳೆದೆ. ಮಟ್ಟ ಹೊಸ ಆಯಿಲ್ ಹಾಕಿದ ದಿನ ಇದ್ದಲ್ಲಿಗೇ ಬಂದು ನಿಂತಿತ್ತು.