ದ್ರಾಕ್ಷಿ ಪಡಕ್ಕೆ ಮಡಚುವ ಭೂತಗನ್ನಡಿ: ಯಾವುದನ್ನು ಕೊಳ್ಳಬೇಕು?

ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಚಿಗುರೊಡೆದ ಮೇಲೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಪಡಗಳಲ್ಲಿ, ಅಂದರೆ ದ್ರಾಕ್ಷಿ ತೋಟಗಳಲ್ಲಿ, ರೋಗ, ಹುಳ ಗುರುತಿಸಲು ಸ್ಪ್ರೇ ಪಂಪಿಗಿಂತ ಮೊದಲು ಕೈಗೆ ಬರಬೇಕಾದದ್ದು ಭೂತಗನ್ನಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸಿದರೆ ಸಾಕು. ಮೂರು ಗಾಜು ಕೂಡಿಸಿದ, 18ರಿಂದ 21 ಮಿ.ಮೀ. ಅಗಲದ ಮಡಚುವ ಮಸೂರ ಎಲ್ಲಕ್ಕಿಂತ ಒಳ್ಳೆಯದು. ಒಂಟಿ ಗಾಜಿನದರಲ್ಲಿ ಅಂಚಿಗೆ ಬಣ್ಣದ ಗೆರೆ ಮೂಡಿ ಚಿತ್ರ ಮಸುಕಾಗುತ್ತದೆ.

‘30 ಎಕ್ಸ್’ (30 ಪಟ್ಟು) ಎಂದು ಅಚ್ಚೊತ್ತಿದ ಅಗ್ಗದ ಮಾಲನ್ನು ನಂಬಬೇಡಿ, ಬಹಳಷ್ಟು 10ರ ಆಸುಪಾಸಿನವೇ. ಅಂಗಡಿಯಲ್ಲೇ ಅಳೆಯಬಹುದು. ದೂರದ ಕಿಟಕಿಗೆ ಎದುರಾಗಿ ಬಿಳಿ ಹಾಳೆ ಹಿಡಿದು ಅದರ ಮುಂದೆ ಮಸೂರವನ್ನು ಹಿಂದೆ ಮುಂದೆ ಸರಿಸಿ. ಕಿಟಕಿಯ ತಲೆಕೆಳಗಾದ ಚಿತ್ರ ಸ್ಪಷ್ಟವಾದಾಗ ಹಾಳೆಗೂ ಮಸೂರಕ್ಕೂ ನಡುವಿನ ಅಂತರವನ್ನು ಮಿ.ಮೀ.ನಲ್ಲಿ ಅಳೆದು, 250ನ್ನು ಅದರಿಂದ ಭಾಗಿಸಿ. ಅಂತರ 25 ಇದ್ದರೆ 10 ಪಟ್ಟು. ನಿಜವಾದ 30 ಪಟ್ಟಿನದಕ್ಕೆ ಸುಮಾರು 8 ಮಿ.ಮೀ. ಅಷ್ಟು ಹತ್ತಿರ ಹಿಡಿದರೆ ಎಲೆಯ ಮೇಲೆ ನೆರಳೇ ಬೀಳುತ್ತದೆ, ಪಡದಲ್ಲಿ ಅದು ಕೆಲಸಕ್ಕೆ ಬಾರದು.

ಕೈ ಚಾಚಿ ಹಿಡಿದರೆ ಏನೂ ಕಾಣದು. ಮಸೂರವನ್ನು ಕಣ್ಣಿಗೆ ಹತ್ತಿಸಿ, ಎಲೆಯನ್ನು ಅದರತ್ತ ತನ್ನಿ. ಮೇಲೆ ಎಣ್ಣೆ ಬಿದ್ದಂಥ ಕಲೆ, ಅದರ ನೇರ ಕೆಳಗೆ ಹಿಂಬದಿಯಲ್ಲಿ ಹತ್ತಿಯಂತೆ ನಿಂತ ಬಿಳಿ ಬೆಳವಣಿಗೆ ಇದ್ದರೆ ಡೌನಿ ಎಂಬ ತುಪ್ಪಟ ರೋಗ. ಎಲೆಗೆ ಒತ್ತಿ ಹರಡಿದ ಎಳೆಗಳ ಮೇಲೆ ಪುಡಿ ಕಂಡರೆ ಬೂದಿ ರೋಗ. ಗಂಧಕ ಬೂದಿ ರೋಗಕ್ಕೆ ನಾಟುತ್ತದೆ, ಡೌನಿಗೆ ಅಲ್ಲ. ತಪ್ಪು ಗುರುತಿಸಿದರೆ ಔಷಧಿಯೂ ಹೋಯಿತು, ಗೊಂಚಲೂ ಹೋಯಿತು. ಕಲೆಯಿದ್ದು ಬಿಳಿ ಕಾಣದಿದ್ದರೆ ಎಲೆಯನ್ನು ಒದ್ದೆ ಕಾಗದದೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ರಾತ್ರಿಯಿಡೀ ಕತ್ತಲಲ್ಲಿಡಿ. ಡೌನಿ ಜೀವಂತವಿದ್ದರೆ ಸಾಮಾನ್ಯವಾಗಿ ಬೆಳಿಗ್ಗೆ ಹಿಂಬದಿಯಲ್ಲಿ ಬಿಳಿ ಏಳುತ್ತದೆ.

ಚಿಗುರಿನ ರಸ ಹೀರುವ ಸಣ್ಣ ಹುಳ ಥ್ರಿಪ್ಸ್ ಅನ್ನು ಹುಡುಕಲು ತಾಳ್ಮೆ ಬೇಕು. ಗಾಳಿ ಏಳುವ ಮೊದಲು ಚಿಗುರನ್ನು ಬಿಳಿ ಹಾಳೆಯ ಮೇಲೆ ತಟ್ಟಿ, ಅರ್ಧ ನಿಮಿಷ ಹಾಳೆ ಅಲುಗಿಸದೆ ಕಾಯಿರಿ. ಧೂಳು ಬಿದ್ದಲ್ಲೇ ಇರುತ್ತದೆ, ಸುಮಾರು ಒಂದು ಮಿ.ಮೀ. ಉದ್ದದ ಸಪೂರ ಹುಳ ಹರಿದಾಡುತ್ತದೆ. ಪ್ರತಿ ವಾರ ಅದೇ ಸಾಲುಗಳಲ್ಲಿ ತಟ್ಟಿ, ಎಣಿಸಿ ಬರೆದಿಟ್ಟರೆ ಹೆಚ್ಚುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಒಂದೇ ದಿನದ ಎಣಿಕೆ ಅದನ್ನು ಹೇಳದು.

ಗಾಜನ್ನು ಧೋತರದ ಸೆರಗಿನಿಂದ ಒರೆಸಬೇಡಿ. ಎರೆಮಣ್ಣಿನ ಧೂಳಿನಲ್ಲಿರುವ ಹರಳಿನ ಕಣಗಳು ಗೀರು ಹಾಕುತ್ತವೆ. ಮೊದಲು ಊದಿ, ಆಮೇಲೆ ಸೋಪುನೀರಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಮೆತ್ತಗೆ ಒರೆಸಿ. ಮಡಚುವ ಕೀಲಿನ ತಿರುಪು ಸಡಿಲಾಗುತ್ತಲೇ ಇರುತ್ತದೆ, ಸಣ್ಣ ಸ್ಕ್ರೂಡ್ರೈವರ್ ಜೊತೆಗಿರಲಿ.